ಐದು ನಿಮಿಷದ ಲೆಕ್ಕ

ಕಳೆದ ಸೆಪ್ಟೆಂಬರ್‌ನಲ್ಲಿ, ಮಧ್ಯವಾರ್ಷಿಕ ಪರೀಕ್ಷೆಗೆ ಇನ್ನೊಂದು ವಾರ ಇರುವಾಗ, ನಮ್ಮ ತರಗತಿಯ ಒಬ್ಬ ಹುಡುಗಿಗೆ ಫಿಟ್ಸ್ ಬಂತು. ಅದರ ಬಗ್ಗೆ ಕಾಲೇಜಿನಲ್ಲಿ ಎಲ್ಲರೂ ಒಂದೊಂದು ತರಹ ಕೇಳಿದ್ದೀರಿ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಸಹಾಯಕ್ಕೆ ಮೊದಲು ಕೈ ಹಾಕಿದವಳೂ ನಾನೇ. ಆ ದಿನ ನಾನು ಮಾಡಿದ್ದರಲ್ಲಿ ಮುಕ್ಕಾಲು ಪಾಲು ತಪ್ಪು ಎಂದು ಆಮೇಲೆ ಗೊತ್ತಾಯಿತು. ಅದಕ್ಕೇ ಈ ಲೇಖನ.

ಬರೆಯುವ ಮೊದಲು ಅವಳನ್ನು ಕೇಳಿದೆ. "ಬರಿ, ಹೆಸರು ಮಾತ್ರ ಬೇಡ" ಅಂದಳು. ಬರೆದ ಮೇಲೆ ಓದಲು ಕೊಟ್ಟೆ. ಅವಳು ಒಪ್ಪಿದ್ದನ್ನು ಮಾತ್ರ ಇಲ್ಲಿ ಹಾಕಿದ್ದೇನೆ.

ಆ ದಿನ ನಡೆದದ್ದು

ಮೂರನೇ ಪಿರಿಯಡ್, ಅಕೌಂಟೆನ್ಸಿ. ಪಾಲುದಾರನ ಪ್ರವೇಶದ ಅಧ್ಯಾಯ. ಸರ್ ಬೋರ್ಡಿನ ಮೇಲೆ ರಿವ್ಯಾಲ್ಯೂಯೇಷನ್ ಅಕೌಂಟ್ ಹಾಕುತ್ತಿದ್ದರು. ನನ್ನ ಗೆಳತಿಯ ಕೈಯಿಂದ ಪೆನ್ನು ಜಾರಿತು. ಎತ್ತಿಕೊಡಲು ನಾನು ಬಗ್ಗಿದೆ. ಅಷ್ಟರಲ್ಲಿ ಅವಳ ಬಾಯಿಂದ ಒಂದು ವಿಚಿತ್ರ ಶಬ್ದ ಬಂತು, ಮೈ ಸೆಟೆದುಕೊಂಡಿತು, ಬೆಂಚಿನಿಂದ ಕೆಳಗೆ ಜಾರಿದಳು. ಕೈಕಾಲು ಜೋರಾಗಿ ಅದುರತೊಡಗಿದವು.

ಹಿಂದಿನ ಬೆಂಚಿನಿಂದ ಯಾರೋ "ಮಿರ್ಗಿ!" ಎಂದು ಕಿರುಚಿದರು. ನಮ್ಮ ಮನೆಗಳಲ್ಲಿ ಇದಕ್ಕೆ ಹಾಗೆನ್ನುತ್ತಾರೆ. ಒಬ್ಬಳು ಓಡಿಹೋಗಿ ಬಾಗಿಲ ಬೀಗದ ಕೀಲಿ ತಂದಳು. ಅದನ್ನು ಅವಳ ಮುಷ್ಟಿಯೊಳಗೆ ಒತ್ತಿ ಹಿಡಿದವಳು ನಾನು. ಇಬ್ಬರು ಕಾಲು ಒತ್ತಿ ಹಿಡಿದರು. ಇನ್ನೊಬ್ಬಳು ಟಿಫಿನ್ ಡಬ್ಬಿಯ ಚಮಚವನ್ನು ಹಲ್ಲಿನ ಮಧ್ಯೆ ತುರುಕಲು ನೋಡಿದಳು. ಅದುರುವುದು ಸ್ವಲ್ಪ ಕಡಿಮೆಯಾಯಿತು. ಆಗ ನಾನು ನನ್ನ ಬಾಟಲಿಯ ನೀರನ್ನು ಅವಳ ಬಾಯಿಗೆ ಹಾಕಿದೆ.

ನೀರು ಶ್ವಾಸನಾಳಕ್ಕೆ ಹೋಯಿತು. ಅವಳಿಗೆ ನುಂಗುವಷ್ಟು ಎಚ್ಚರವಿರಲಿಲ್ಲ. ಗೊರಗೊರ ಎಂದು ಉಸಿರು ಸಿಕ್ಕಿಕೊಂಡಿತು, ತುಟಿ ನೀಲಿಯಾಯಿತು.

ಸರ್ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟಿದ್ದರು. ಹೆಣ್ಣುಮಕ್ಕಳ ತರಗತಿಯಲ್ಲಿ ಅವರಿಗಿರುವ ಸಂಕೋಚ ನಮಗೆಲ್ಲ ಗೊತ್ತಿರುವುದೇ. ಅವರು ವರಾಂಡಕ್ಕೆ ಓಡಿ ಮ್ಯಾಡಂ ಒಬ್ಬರನ್ನು ಕೂಗಿದರು. ಸ್ಟಾಫ್ ರೂಮಿನಿಂದ ಕನ್ನಡ ಮ್ಯಾಡಂ ಬಂದರು. ನಮ್ಮನ್ನೆಲ್ಲ ಎಳೆದು ಹಿಂದೆ ಹಾಕಿ, ಗೆಳತಿಯನ್ನು ಎಡಮಗ್ಗುಲಿಗೆ ತಿರುಗಿಸಿದರು. ಬಾಯಿಂದ ನೀರು, ನೊರೆ ಹೊರಗೆ ಹರಿಯಿತು. ಕೆಮ್ಮಿದಳು, ಉಸಿರು ಬಂತು. ಆಗಲೇ ಪಿರಿಯಡ್ ಮುಗಿದ ಗಂಟೆ ಹೊಡೆಯಿತು.

ಡಾಕ್ಟರ್ ಕೇಳಿದ ಮೂರು ಪ್ರಶ್ನೆ

ಗೇಟಿನ ಮುಂದೆ ಇದ್ದ ಆಟೋದಲ್ಲಿ ಮ್ಯಾಡಂ ಮತ್ತು ನಾವಿಬ್ಬರು ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರ್ ಮೂರು ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಬಂದಿತ್ತು? ಮೊದಲು ಯಾವಾಗಾದರೂ ಬಂದಿತ್ತಾ? ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳಾ?

ಮೂರಕ್ಕೂ ನಮ್ಮ ಹತ್ತಿರ ಉತ್ತರವಿರಲಿಲ್ಲ. ನಾನು "ಹತ್ತು ನಿಮಿಷ" ಅಂದೆ. ಜತೆಗಿದ್ದವಳು "ಇಲ್ಲ, ಅರ್ಧ ಗಂಟೆ" ಅಂದಳು. ಅವಳ ಬ್ಯಾಗನ್ನು ತರಗತಿಯಲ್ಲೇ ಬಿಟ್ಟು ಬಂದಿದ್ದೆವು. ಕಚೇರಿಯ ರಿಜಿಸ್ಟರಿನಲ್ಲಿದ್ದ ಅವಳ ಅಬ್ಬಾನ ನಂಬರ್ ಹಳೆಯದು. ಅವಳ ಬೀದಿಯವಳೇ ಆದ ಪ್ರಥಮ ಪಿಯುಸಿ ಹುಡುಗಿಯೊಬ್ಬಳನ್ನು ಹುಡುಕಿ, ಅವಳ ಮನೆಗೆ ಫೋನ್ ಮಾಡಿ, ಅಲ್ಲಿಂದ ಸುದ್ದಿ ಮುಟ್ಟುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು.

ಖಾಲಾ ಓಡುತ್ತಾ ಬಂದರು. ಡಾಕ್ಟರ್ ಅವರನ್ನೂ ಅದೇ ಕೇಳಿದರು. ಖಾಲಾ ಒಮ್ಮೆ ನಮ್ಮ ಕಡೆ ನೋಡಿ, "ಇಲ್ಲ ಡಾಕ್ಟರ್, ಇದೇ ಮೊದಲು" ಅಂದರು. ಡಾಕ್ಟರ್ ಏನೂ ಹೇಳಲಿಲ್ಲ. ನಮ್ಮಿಬ್ಬರಿಗೆ "ಸ್ವಲ್ಪ ಹೊರಗೆ ಇರಿ" ಅಂದರು. ನಾವು ಹೋದ ಮೇಲೆ ಖಾಲಾ ನಿಜ ಹೇಳಿದರಂತೆ. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, "ಕಿಸೀಕೂ ನಕ್ಕೊ ಬೋಲೊ ಬೇಟಾ" ಅಂದರು. ಯಾರಿಗೂ ಹೇಳಬೇಡ ಮಗಳೇ ಎಂದು. ಅವರ ಕೈ ತಣ್ಣಗಿತ್ತು.

ಉಳಿದದ್ದನ್ನು ಗೆಳತಿಯೇ ಆಮೇಲೆ ಹೇಳಿದಳು. ಏಳನೇ ತರಗತಿಯಿಂದ ಅವಳಿಗೆ ಫಿಟ್ಸ್ ಇದೆ. ಬೆಳಿಗ್ಗೆ ರಾತ್ರಿ ಮಾತ್ರೆ. ಮೂರು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಅಂದಿಗೆ ನಾಲ್ಕು ದಿನ ಮೊದಲು ಮಾತ್ರೆಯ ಪಟ್ಟಿ ಮುಗಿದಿತ್ತು. ಬೀದಿಯ ಮೂಲೆಯ ಮೆಡಿಕಲ್ ಶಾಪಿನವರಿಗೆ ಎಲ್ಲರ ಪರಿಚಯ. ಅಲ್ಲಿ ಹೋಗಿ ಆ ಚೀಟಿ ತೋರಿಸಲು ಅವಳಿಗೆ ನಾಚಿಕೆ. ಅಬ್ಬಾ ಲಾರಿ ತೆಗೆದುಕೊಂಡು ಹೊರಗೆ ಹೋಗಿದ್ದರು, ಅವರು ಬಂದ ಮೇಲೆ ತರಿಸೋಣ ಎಂದು ಸುಮ್ಮನಿದ್ದಳು. ಪರೀಕ್ಷೆ ಹತ್ತಿರ ಎಂದು ಆ ನಾಲ್ಕು ರಾತ್ರಿ ಎರಡು ಗಂಟೆಯವರೆಗೆ ಓದಿದ್ದಳು. ಮಾತ್ರೆ ತಪ್ಪುವುದು ಮತ್ತು ನಿದ್ದೆ ಕೆಡುವುದು, ಇವೆರಡೇ ಫಿಟ್ಸ್ ಮರಳಿ ಬರಲು ಸಾಮಾನ್ಯ ಕಾರಣಗಳು ಎಂದು ಡಾಕ್ಟರ್ ಹೇಳಿದರು.

ಸಮಯದ ಲೆಕ್ಕವನ್ನು ನಾವು ಮಾರನೇ ದಿನ ಮಾಡಿದೆವು. ಅವಳು ಬೀಳುವುದಕ್ಕೆ ಸ್ವಲ್ಪವೇ ಮೊದಲು ನನ್ನ ಆಚೆ ಕೂತವಳು ಗಡಿಯಾರ ನೋಡಿ "ಗಂಟೆ ಹೊಡೆಯಲು ಇನ್ನು ನಾಲ್ಕು ನಿಮಿಷ" ಅಂದಿದ್ದಳು. ಮ್ಯಾಡಂ ಮಗ್ಗುಲಿಗೆ ತಿರುಗಿಸಿದಾಗ ಗಂಟೆ ಹೊಡೆಯಿತು. ಅಂದರೆ ಅವಳು ಬಿದ್ದದ್ದು, ಕೀಲಿ, ಚಮಚ, ನೀರು, ಮ್ಯಾಡಂ ಬಂದದ್ದು, ಎಲ್ಲ ಸೇರಿ ನಾಲ್ಕು ನಿಮಿಷ ದಾಟಿಲ್ಲ.

ಫಿಟ್ಸ್ ಎಂದರೆ ಏನು

ಮೆದುಳಿನ ಜೀವಕೋಶಗಳು ಒಂದಕ್ಕೊಂದು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಹೇಳುತ್ತವೆ. ಅನೇಕ ಕೋಶಗಳು ಒಟ್ಟಿಗೆ, ಹಿಡಿತ ತಪ್ಪಿ ಸಂಕೇತ ಕಳುಹಿಸಿದರೆ ದೇಹ ಸೆಟೆಯುತ್ತದೆ, ಅದುರುತ್ತದೆ, ಎಚ್ಚರ ತಪ್ಪುತ್ತದೆ. ಇದೇ ಫಿಟ್ಸ್. ಮತ್ತೆ ಮತ್ತೆ ಹೀಗೆ ಬರುವ ಪ್ರವೃತ್ತಿ ಇದ್ದರೆ ಅದನ್ನು ಅಪಸ್ಮಾರ ಅಥವಾ ಮೂರ್ಛೆರೋಗ ಎನ್ನುತ್ತಾರೆ. ಒಂದು ಸಲ ಬಂದ ಮಾತ್ರಕ್ಕೆ ಅಪಸ್ಮಾರ ಎಂದು ಹೇಳಲಾಗದು. ತಲೆಗೆ ಪೆಟ್ಟು, ರಕ್ತದಲ್ಲಿ ಸಕ್ಕರೆ ತೀರಾ ಇಳಿಯುವುದು, ಮೆದುಳಿನ ಸೋಂಕು, ಇವುಗಳಿಂದಲೂ ಬರಬಹುದು. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಇದೆ. ಹಂದಿಯ ಮಾಂಸದಿಂದ ಮನುಷ್ಯನ ಹೊಟ್ಟೆ ಸೇರುವ ಲಾಡಿಹುಳು ಒಂದಿದೆ. ಅದರ ಮೊಟ್ಟೆಗಳು ಮಲದಿಂದ ಕೊಳೆಯಾದ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಬೇರೆಯವರ ಹೊಟ್ಟೆ ಸೇರಿ, ಮರಿಗಳು ಮೆದುಳಿಗೆ ಹೋಗಿ ಕೂರುತ್ತವೆ. ಹಾಗಾಗಿ ಹಂದಿ ಮಾಂಸವನ್ನು ಎಂದೂ ಮುಟ್ಟದವರಿಗೂ ಇದು ಬರುತ್ತದೆ. ಸೌತೆಕಾಯಿ, ಕೊತ್ತಂಬರಿಯನ್ನು ಚೆನ್ನಾಗಿ ತೊಳೆಯಿರಿ ಎಂದು ಹೇಳುವುದು ಇದಕ್ಕೂ ಸೇರಿ.

ಎಲ್ಲ ಫಿಟ್ಸ್‌ನಲ್ಲೂ ಕೈಕಾಲು ಅದುರುವುದಿಲ್ಲ. ಕೆಲವರು ಮಾತಿನ ಮಧ್ಯೆ ಕೆಲವು ಸೆಕೆಂಡ್ ಸುಮ್ಮನೆ ಶೂನ್ಯ ನೋಡುತ್ತಾರೆ, ಕರೆದರೆ ಓಗೊಡುವುದಿಲ್ಲ, ಆಮೇಲೆ ಏನೂ ಆಗದವರಂತೆ ಬರೆಯುತ್ತಾರೆ. ಪಾಠದಲ್ಲಿ ಗಮನವಿಲ್ಲ ಎಂದು ಬೈಸಿಕೊಳ್ಳುವವರಲ್ಲಿ ಅಂಥವರೂ ಇರಬಹುದು. ಇದು ಪದೇ ಪದೇ ಆಗುತ್ತಿದ್ದರೆ ಉಪನ್ಯಾಸಕರು ಮನೆಯವರಿಗೆ ತಿಳಿಸಿದರೆ ಒಳ್ಳೆಯದು.

ಫಿಟ್ಸ್ ಅಂಟುರೋಗವಲ್ಲ. ನೊರೆ ತಾಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಹುಚ್ಚೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ ಇದೆ. ಸರಿಯಾಗಿ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ಅವರಲ್ಲಿ ಶೇ. 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು.

ಇನ್ನು ಕೀಲಿಯ ವಿಷಯ. ನನ್ನ ದಾದಿ ಈಗಲೂ ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆ ಎನ್ನುತ್ತಾರೆ, ಕಣ್ಣಾರೆ ನೋಡಿದ್ದೇನೆ ಎನ್ನುತ್ತಾರೆ. ಅವರು ನೋಡಿದ್ದು ಸುಳ್ಳಲ್ಲ. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಕೀಲಿ ಹುಡುಕಿ ತಂದು ಕೈಗೆ ಕೊಡಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಫಿಟ್ಸ್ ನಿಲ್ಲುವ ಹೊತ್ತಾಗಿರುತ್ತದೆ, ಹೆಸರು ಕೀಲಿಗೆ ಬರುತ್ತದೆ. ಈರುಳ್ಳಿ ಮೂಸಿಸುವುದು, ಚಪ್ಪಲಿ ಮೂಸಿಸುವುದು, ಎಲ್ಲದರ ಲೆಕ್ಕವೂ ಇದೇ.

ಎದುರಿಗೆ ಫಿಟ್ಸ್ ಬಂದರೆ ಏನು ಮಾಡಬೇಕು

ಮೊದಲನೆಯದು, ಒಬ್ಬರು ಗಡಿಯಾರ ನೋಡಬೇಕು. ಶುರುವಾದ ಸಮಯವನ್ನು ಪುಸ್ತಕದ ಮೇಲೋ ಅಂಗೈ ಮೇಲೋ ಬರೆದುಕೊಳ್ಳಬೇಕು. ಐದು ನಿಮಿಷದ ಗೆರೆ ಇಲ್ಲಿ ಮುಖ್ಯ. ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತದೆ, ಔಷಧ ಕೊಟ್ಟೇ ನಿಲ್ಲಿಸಬೇಕಾಗುತ್ತದೆ.

ಎರಡನೆಯದು, ಸುತ್ತಲಿನ ಬೆಂಚು, ಕಂಪಾಸ್ ಬಾಕ್ಸ್, ಬಾಟಲಿ ಸರಿಸಬೇಕು. ತಲೆಯ ಕೆಳಗೆ ಮಡಿಸಿದ ದುಪಟ್ಟಾ ಅಥವಾ ಸ್ವೆಟರ್ ಇಡಬೇಕು. ಕನ್ನಡಕ ತೆಗೆಯಬೇಕು.

ಮೂರನೆಯದು, ಕುತ್ತಿಗೆ ಸಡಿಲ ಮಾಡಬೇಕು. ಹುಡುಗರಾದರೆ ಕಾಲರ್ ಗುಂಡಿ. ನಮ್ಮಲ್ಲಾದರೆ ಗಲ್ಲದ ಕೆಳಗಿನ ಪಿನ್. ಆ ದಿನ ಆರು ಜನ ಸುತ್ತ ಕೂತಿದ್ದರೂ ಗೆಳತಿಯ ಹಿಜಾಬಿನ ಪಿನ್ ತೆಗೆಯಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಪಿನ್ ತೆರೆದುಕೊಂಡು ಕತ್ತಿನ ಮೇಲೆ ಗೀರಿತ್ತು. ಬಟ್ಟೆಯನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಪಿನ್ ತೆಗೆದು ಸಡಿಲಿಸಿದರೆ ಸಾಕು.

ನಾಲ್ಕನೆಯದು, ಅದುರುವ ಕೈಕಾಲನ್ನು ಒತ್ತಿ ಹಿಡಿಯಬಾರದು. ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ, ಮೂಳೆ ಕೀಲಿಗೆ ಪೆಟ್ಟಾಗಬಹುದು. ಬಾಯಿಗೆ ಚಮಚ, ಬೆರಳು, ಬಟ್ಟೆ ಏನನ್ನೂ ಹಾಕಬಾರದು. ನಾಲಿಗೆಯನ್ನು ಯಾರೂ ನುಂಗುವುದಿಲ್ಲ, ಅದು ಸಾಧ್ಯವೂ ಇಲ್ಲ. ಚಮಚ ಹಾಕಿದರೆ ಹಲ್ಲು ಮುರಿದು ಗಂಟಲಿಗೆ ಹೋಗಬಹುದು.

ಐದನೆಯದು, ಅದುರುವುದು ನಿಂತ ಕೂಡಲೇ ಮಗ್ಗುಲಿಗೆ ತಿರುಗಿಸಬೇಕು. ಜೊಲ್ಲು, ವಾಂತಿ ಹೊರಗೆ ಬರುತ್ತದೆ, ಉಸಿರಿನ ದಾರಿ ತೆರೆದಿರುತ್ತದೆ. ಅದುರುತ್ತಿರುವಾಗಲೇ ಬಾಯಲ್ಲಿ ನೊರೆ ತುಂಬಿದ್ದರೆ, ಬಲ ಹಾಕದೆ ಆಗಲೇ ತಿರುಗಿಸಬಹುದು. ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

ಆರನೆಯದು, ಪೂರ್ತಿ ಎಚ್ಚರವಾಗಿ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವವರೆಗೆ ನೀರು, ಚಹಾ, ಮಾತ್ರೆ ಏನೂ ಕೊಡಬಾರದು. ಎದ್ದ ಮೇಲೆ ಅವರಿಗೆ ಗೊಂದಲ, ತಲೆನೋವು, ನಿದ್ದೆ ಇರುತ್ತದೆ. ಬಟ್ಟೆ ಒದ್ದೆಯಾಗಿರಬಹುದು. ಹತ್ತಿರ ಒಬ್ಬರು ಕೂತು ಮೆಲ್ಲಗೆ ಮಾತನಾಡಿಸಬೇಕು. ಉಳಿದವರು ಹೊರಗೆ ಹೋಗಬೇಕು. ಯಾರೂ ವಿಡಿಯೊ ಮಾಡಬಾರದು.

ಮರೆ ಮಾಡುವುದೂ ಚಿಕಿತ್ಸೆಯೇ

ಇದನ್ನೆಲ್ಲ ಆದ ಮೇಲೆ ದೀನಿಯಾತ್ ತರಗತಿಯಲ್ಲಿ ಉಸ್ತಾದರು ಒಂದು ಹದೀಸ್ ಹೇಳಿದರು. ಇಬ್ನ್ ಅಬ್ಬಾಸ್ ಅವರು ವರದಿ ಮಾಡಿದ್ದು, ಬುಖಾರಿಯಲ್ಲಿದೆ. ಮೂರ್ಛೆರೋಗವಿದ್ದ ಒಬ್ಬ ಮಹಿಳೆ ಪ್ರವಾದಿಯವರ (ಸ) ಬಳಿ ದುವಾಗಾಗಿ ಬಂದರು. ತಾಳ್ಮೆಯಿಂದಿದ್ದರೆ ಸ್ವರ್ಗವಿದೆ, ಬೇಕಿದ್ದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದಾಗ ಆಕೆ ತಾಳ್ಮೆಯನ್ನೇ ಆರಿಸಿಕೊಂಡರು. ಆದರೆ ರೋಗ ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ, ಹಾಗಾಗದಿರಲಿ ಎಂದು ಪ್ರಾರ್ಥಿಸಿ ಎಂದು ಕೇಳಿಕೊಂಡರು. ಪ್ರವಾದಿಯವರು ಹಾಗೆಯೇ ಪ್ರಾರ್ಥಿಸಿದರು.

ಇದನ್ನು ಕೇಳಿದಾಗ ನನಗೆ ನಮ್ಮ ತರಗತಿ ನೆನಪಾಯಿತು. ಬಾಗಿಲಲ್ಲಿ, ಕಿಟಕಿಯಲ್ಲಿ ಎಷ್ಟೊಂದು ಮುಖಗಳಿದ್ದವು. ಗೆಳತಿ ಆಮೇಲೆ ಮೊದಲು ಕೇಳಿದ್ದೂ "ಯಾರ್ಯಾರು ನೋಡಿದರು?" ಎಂದೇ. ಆದ್ದರಿಂದ ಏಳನೆಯದಾಗಿ ಇದನ್ನು ಸೇರಿಸುತ್ತೇನೆ. ನಾಲ್ಕು ಜನ ಅವಳಿಗೆ ಬೆನ್ನು ಮಾಡಿ ಸುತ್ತ ನಿಲ್ಲಿ, ದುಪಟ್ಟಾ ಹಿಡಿದು ಮರೆ ಮಾಡಿ. ಗಾಳಿ ಆಡುವಷ್ಟು ಜಾಗ ಬಿಡಿ.

ದುವಾ ಇದ್ದರೆ ಮಾತ್ರೆ ಬೇಡ ಎನ್ನುವವರಿಗೆ ಉಸ್ತಾದರೇ ಉತ್ತರ ಹೇಳಿದರು. ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬ ಬೋಧನೆಯೂ ಹದೀಸ್‌ಗಳಲ್ಲೇ ಇದೆ. ರಮಜಾನಿನಲ್ಲಿ ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಕುರ್‌ಆನಿನಲ್ಲೇ ಇದೆ. ರೋಜಾ ಹಿಡಿಯಬೇಕೆಂದಿದ್ದರೆ, ಮಾತ್ರೆಯ ಹೊತ್ತನ್ನು ಬದಲಾಯಿಸಬಹುದೇ ಎಂದು ರಮಜಾನ್ ಬರುವುದಕ್ಕೆ ಮೊದಲೇ ಡಾಕ್ಟರನ್ನು ಕೇಳಬೇಕು. ತಾವೇ ನಿಲ್ಲಿಸುವುದು ಅಪಾಯ.

ಅಕೌಂಟೆನ್ಸಿ ಸರ್ ಕೂಡ ಒಂದು ದಿನ ತಾವಾಗಿಯೇ ಈ ಮಾತು ತೆಗೆದರು. "ಮುಟ್ಟದೆ ಮಾಡುವ ಕೆಲಸವೇ ಎಷ್ಟೋ ಇತ್ತು. ಸಮಯ ನೋಡಬಹುದಿತ್ತು, 108ಕ್ಕೆ ಫೋನ್ ಮಾಡಬಹುದಿತ್ತು, ಬಾಗಿಲು ಖಾಲಿ ಮಾಡಿಸಬಹುದಿತ್ತು. ಇನ್ನೊಮ್ಮೆ ಹಾಗಾದರೆ ನಾನು ಮ್ಯಾಡಂ ಬರಲಿ ಎಂದು ಕಾಯುವುದಿಲ್ಲ, ನಾನೇ ಮಗ್ಗುಲಿಗೆ ತಿರುಗಿಸುತ್ತೇನೆ" ಅಂದರು. ಇದನ್ನು ಬರೆಯಬಹುದೇ ಎಂದು ಕೇಳಿದೆ. "ಬರಿಯಮ್ಮ" ಅಂದರು.

108ಕ್ಕೆ ಯಾವಾಗ ಫೋನ್ ಮಾಡಬೇಕು

ಐದು ನಿಮಿಷ ದಾಟಿದರೆ. ಒಂದು ನಿಂತು, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ. ಮೊದಲ ಸಲ ಬಂದಿದ್ದರೆ ಅಥವಾ ಮೊದಲು ಬಂದಿತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ. ತಲೆಗೆ ಪೆಟ್ಟಾಗಿದ್ದರೆ. ಉಸಿರಾಟ ಸರಿಯಾಗದಿದ್ದರೆ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ. ಇವುಗಳಲ್ಲಿ ಒಂದಿದ್ದರೂ ಫೋನ್ ಮಾಡಬೇಕು.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್‌ನಿಂದ ಇದೆ. ಹಣ ಕೊಡಬೇಕಾಗಿಲ್ಲ. ಒಳಗೆ ಆಮ್ಲಜನಕ ಇರುತ್ತದೆ, ಪ್ರಥಮ ಚಿಕಿತ್ಸೆ ಕೊಡಲು ತರಬೇತಿ ಪಡೆದವರೊಬ್ಬರು ಇರುತ್ತಾರೆ. ಆಟೋದಲ್ಲಿ ಇವೆರಡೂ ಇಲ್ಲ. ನಾವು ಅರೆ ಎಚ್ಚರದ ಗೆಳತಿಯನ್ನು ಇಬ್ಬರ ಮಧ್ಯೆ ಕೂರಿಸಿಕೊಂಡು ಹೋದೆವು. ದಾರಿಯಲ್ಲಿ ಮತ್ತೆ ಬಂದಿದ್ದರೆ ಮಗ್ಗುಲಿಗೆ ತಿರುಗಿಸಲೂ ಜಾಗವಿರಲಿಲ್ಲ. ಫೋನ್ ಮಾಡಿದವರು ಕಾಲೇಜಿನ ಹೆಸರು, ಹತ್ತಿರದ ಗುರುತು, ರೋಗಿಯ ವಯಸ್ಸು, ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ ಎಂಬುದನ್ನು ಹೇಳಬೇಕು. ಅವರು ಇಡಿ ಎನ್ನುವವರೆಗೆ ಫೋನ್ ಇಡಬಾರದು. ಒಬ್ಬರು ಗೇಟಿನಲ್ಲಿ ನಿಂತು ದಾರಿ ತೋರಿಸಬೇಕು. ಹೋಗುವಾಗ ರೋಗಿಯ ಬ್ಯಾಗ್ ಜತೆಗೆ ಹೋಗಬೇಕು. ಮಾತ್ರೆಯ ಪಟ್ಟಿ, ಚೀಟಿ ಅದರಲ್ಲೇ ಇರಬಹುದು.

ಆ ದಿನ ನಮ್ಮ ತರಗತಿಯಲ್ಲಿ ಒಬ್ಬಳ ಬ್ಯಾಗಿನಲ್ಲಿ ಫೋನ್ ಇತ್ತು. ಪ್ರಿನ್ಸಿಪಾಲ್ ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೆ ಅವಳು ತೆಗೆಯಲಿಲ್ಲ. ಇದು ಗೊತ್ತಾದ ಮೇಲೆ ಪ್ರಾಂಶುಪಾಲರು ಅಸೆಂಬ್ಲಿಯಲ್ಲಿ, ಜೀವದ ಪ್ರಶ್ನೆ ಬಂದಾಗ ಯಾರ ಫೋನಿನಿಂದ ಕರೆ ಹೋಯಿತು ಎಂದು ತಾವು ಕೇಳುವುದಿಲ್ಲ ಎಂದು ಹೇಳಿದರು. ಫೋನ್ ತರಬಾರದು ಎಂಬ ನಿಯಮ ಹಾಗೇ ಇದೆ, ಅದನ್ನೂ ಹೇಳಿದರು.

ಇನ್ನು ಮೂರು ತುರ್ತುಗಳ ಬಗ್ಗೆ ಚುಟುಕಾಗಿ. ಅಸೆಂಬ್ಲಿಯಲ್ಲಿ ಬಿಸಿಲಿಗೆ ತಲೆ ಸುತ್ತಿ ಬಿದ್ದವರನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಬೇಕು, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚರವಾಗುತ್ತಾರೆ. ದಮ್ಮು ಇರುವವರನ್ನು ಮಲಗಿಸಬಾರದು, ಕೂರಿಸಿ ಅವರ ಇನ್‌ಹೇಲರ್ ಕೈಗೆ ಕೊಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಬೆವತು, ನಡುಗಿ, ತೊದಲಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಸಕ್ಕರೆ ನೀರು ಅಥವಾ ಜ್ಯೂಸ್ ಕೊಡಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಬೇಡ, 108.

ಆಸ್ಪತ್ರೆಯಿಂದ ಬಂದ ಮೇಲೆ

ಗೆಳತಿ ಎರಡೇ ದಿನಕ್ಕೆ ಮನೆಗೆ ಬಂದಳು. ಆದರೆ ಕಾಲೇಜಿಗೆ ಹನ್ನೊಂದು ದಿನ ಬರಲಿಲ್ಲ. ಮಧ್ಯವಾರ್ಷಿಕ ಪರೀಕ್ಷೆ ತಪ್ಪಿತು. ಆಮೇಲೆ ದಸರಾ ರಜೆ. ಅಷ್ಟರಲ್ಲಿ ಸುದ್ದಿ ಬೀದಿಗೆ ಮುಟ್ಟಿತ್ತು. ಓದಿದ್ದು ಸಾಕು ಎಂದು ಅವಳ ಅಬ್ಬಾ ಹೇಳಿದರು. ಈ ಭಾಗ ನಾವು ಯಾರೂ ಎಣಿಸಿರಲಿಲ್ಲ. ನಾಲ್ಕು ನಿಮಿಷದ ಫಿಟ್ಸ್‌ಗೆ ಹನ್ನೆರಡು ವರ್ಷದ ಓದು ನಿಲ್ಲುವುದರಲ್ಲಿತ್ತು.

ಒಂದು ಭಾನುವಾರ ಕನ್ನಡ ಮ್ಯಾಡಂ ಮತ್ತು ನಾನು ಅವರ ಮನೆಗೆ ಹೋದೆವು. ಮ್ಯಾಡಂ ತಮ್ಮ ತಮ್ಮನ ವಿಷಯ ಹೇಳಿದರು. ಅವರಿಗೂ ಚಿಕ್ಕಂದಿನಿಂದ ಫಿಟ್ಸ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ, ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು. ಮಗ್ಗುಲಿಗೆ ತಿರುಗಿಸುವುದು ಮ್ಯಾಡಂಗೆ ಎಲ್ಲಿಂದ ಗೊತ್ತಿತ್ತು ಎಂದು ನನಗೆ ಆಗ ಅರ್ಥವಾಯಿತು. ಖಾಲಾ ಅಳುತ್ತಾ, "ನಾಳೆ ರಿಶ್ತಾ ಬರಬೇಕಲ್ಲ" ಅಂದರು. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎಂದು ಹೇಳುವ ಮಾತು ಇತ್ತು, 1999ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು ಎಂದು ಮ್ಯಾಡಂ ಹೇಳಿದರು. ಕಾನೂನು ಬದಲಾದಷ್ಟು ಬೇಗ ಬೀದಿ ಬದಲಾಗುವುದಿಲ್ಲ ಎಂದು ನನಗೂ ಗೊತ್ತು, ಖಾಲಾಗೂ ಗೊತ್ತು. ಅವರ ಭಯವನ್ನು ನಾನು ತಪ್ಪು ಎನ್ನಲಾರೆ. ಆದರೆ ಅದೇ ಭಯದಿಂದ ಮಾತ್ರೆ ತಪ್ಪಿತು, ಡಾಕ್ಟರಿಗೆ ಮೊದಲ ಉತ್ತರ ಸುಳ್ಳು ಹೋಯಿತು, ನನ್ನ ಕೈಯಿಂದ ಬಾಯಿಗೆ ನೀರು ಬಿತ್ತು. ಪಕ್ಕದಲ್ಲಿ ಕೂರುವ ನನಗೆ ಒಂದು ಮಾತು ಗೊತ್ತಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ.

ಅಬ್ಬಾ ಕೊನೆಗೆ ಒಪ್ಪಿದರು. ಹಾಜರಾತಿಯ ಲೆಕ್ಕವನ್ನು ನಾನೇ ಹಾಕಿ ತೋರಿಸಿದೆ. ಪಿಯುಸಿಯಲ್ಲಿ ಶೇ. 75 ಹಾಜರಾತಿ ಬೇಕು. ನೂರು ತರಗತಿ ನಡೆದರೆ ಇಪ್ಪತ್ತೈದಕ್ಕಿಂತ ಹೆಚ್ಚು ತಪ್ಪಬಾರದು. ಅವಳು ಇನ್ನೂ ಗೆರೆಯ ಈಚೆಗೇ ಇದ್ದಳು. ಹೀಗಾದವರಿಗೆ ನನ್ನ ಸಲಹೆ ಇಷ್ಟು. ಡಿಸ್ಚಾರ್ಜ್ ಚೀಟಿ ಮತ್ತು ವೈದ್ಯಕೀಯ ಪ್ರಮಾಣಪತ್ರದ ಪ್ರತಿಯನ್ನು ಪ್ರಾಂಶುಪಾಲರಿಗೆ ಬರೆದ ಪತ್ರದ ಜತೆ ಮೊದಲ ವಾರದಲ್ಲೇ ಕೊಡಿ, ವರ್ಷದ ಕೊನೆಗೆ ಇಡಬೇಡಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ವಾಣಿಜ್ಯ ವಿಷಯಗಳಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ತಪ್ಪಿದ ಟೆಸ್ಟ್ ಬಗ್ಗೆ ಆಯಾ ವಿಷಯದ ಉಪನ್ಯಾಸಕರನ್ನು ಆಗಲೇ ಕೇಳಿ. ನಮ್ಮ ಬೆಂಚಿನವರು ವಿಷಯಕ್ಕೊಬ್ಬರಂತೆ ಹಂಚಿಕೊಂಡು ಅವಳಿಗೆ ನೋಟ್ಸ್ ಬರೆದುಕೊಟ್ಟೆವು. ಅಕೌಂಟೆನ್ಸಿ ನನ್ನ ಪಾಲಿಗೆ ಬಂತು. ಪಾಲುದಾರನ ಪ್ರವೇಶ ನನಗೆ ಈಗ ಬಾಯಿಪಾಠ.

ಫಿಟ್ಸ್ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ. ಗೆಳತಿ ಈಗ ಅಲ್ಲಿಂದಲೇ ತರುತ್ತಾಳೆ. ಪಟ್ಟಿಯಲ್ಲಿ ಹತ್ತು ದಿನದ್ದು ಉಳಿದಿರುವಾಗಲೇ ಹೊಸದು ತರುತ್ತಾಳೆ.

ಮುಚ್ಚಿದ ಲಕೋಟೆ

ಕಾಯಿಲೆ ಇರುವುದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿ ಎಂದು ಯಾರೂ ಹೇಳಲಾಗದು. ಯಾರಿಗೂ ಹೇಳದಿದ್ದರೆ ಏನಾಗುತ್ತದೆ ಎಂದು ನೋಡಿದ್ದೇವೆ. ಇದಕ್ಕೆ ನಮ್ಮ ಕಾಲೇಜಿನಲ್ಲಿ ಈಗ ಒಂದು ವ್ಯವಸ್ಥೆಯಾಗಿದೆ. ಕಚೇರಿಯಲ್ಲಿ ಒಂದು ಚಿಕ್ಕ ಅರ್ಜಿ ಸಿಗುತ್ತದೆ. ಅದರಲ್ಲಿ ಕಾಯಿಲೆ, ಮಾತ್ರೆ, ಏನಾದರೂ ಆದರೆ ಏನು ಮಾಡಬೇಕು, ಮನೆಯ ಎರಡು ಫೋನ್ ನಂಬರ್ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ ತರಗತಿ ಉಪನ್ಯಾಸಕರಿಗೆ ಕೊಡಬೇಕು. ತುರ್ತು ಬಂದರೆ ಮಾತ್ರ ತೆರೆಯುತ್ತಾರೆ. ವರ್ಷದ ಕೊನೆಗೆ ಹಾಗೆಯೇ ವಾಪಸು ಕೊಡುತ್ತಾರೆ. ಕಾಯಿಲೆ ಇಲ್ಲದವರೂ ಕೊಡಬೇಕು, ನಂಬರಿಗಾಗಿ. ಎಲ್ಲರೂ ಕೊಟ್ಟರೆ ಯಾರ ಲಕೋಟೆಯಲ್ಲಿ ಏನಿದೆ ಎಂದು ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ನಮ್ಮ ವಿಭಾಗದಲ್ಲಿ ಇನ್ನೂ ಅರ್ಧದಷ್ಟು ಜನ ಕೊಟ್ಟಿಲ್ಲ. ದಯವಿಟ್ಟು ಈ ವಾರವೇ ಕೊಡಿ.

ಜತೆಗೆ, ನಿಮ್ಮ ಪಕ್ಕದಲ್ಲಿ ಕೂರುವ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಏಕೆಂದರೆ ಲಕೋಟೆ ತೆರೆಯಲು ಒಂದು ನಿಮಿಷ ಬೇಕು, ಪಕ್ಕದವರು ಅಲ್ಲೇ ಇರುತ್ತಾರೆ.

ಈ ಲೇಖನವನ್ನು ಓದಿ ಗೆಳತಿ ಒಂದೇ ಕಡೆ ತಿದ್ದಿದಳು. ಮೊದಲ ಪ್ಯಾರಾದಲ್ಲಿ ನಾನು "ಪಾಪ, ಒಬ್ಬ ಹುಡುಗಿಗೆ" ಎಂದು ಬರೆದಿದ್ದೆ. "ಪಾಪ" ಎಂಬುದನ್ನು ಹೊಡೆದುಹಾಕಿದಳು. ಆಮೇಲೆ ಲೆಕ್ಕದ ಸಾಲಿನ ಮೇಲೆ ಬೆರಳಿಟ್ಟು, "ನಾಲ್ಕೇ ನಿಮಿಷ ಅಂತ ಬರೆದಿದ್ದೀಯಲ್ಲ, ನಿಜವಾಗಿಯೂ ಅಷ್ಟೇನಾ? ಎಲ್ಲರೂ ನನಗೆ ಅರ್ಧ ಗಂಟೆ ಅಂದಿದ್ದರು" ಎಂದು ಕೇಳಿದಳು.

ಅಷ್ಟೇ ಕಣೇ, ಅಂದೆ.

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ